ವಿದ್ಯಾರ್ಥಿನಿಲಯದ ಮುಂದಾಳಿನ ಹೊಣೆ

(ಜಿಲ್ಲೆಯ ಕಾಲೇಜು ವಿದ್ಯಾರ್ಥಿನಿಲಯಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮುಂದಾಳುತನದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನೀವು ನಮ್ಮನ್ನು ಕರೆದಿದ್ದೀರಿ. ಈ ವಿಷಯದ ಮೇಲೆ ಭಾಷಣ ಮಾಡುವುದು ಸುಲಭ. ನಾಳಿನ ನಾಯಕರು ನೀವೇ, ದೇಶದ ಭಾರವೆಲ್ಲ ನಿಮ್ಮ ಹೆಗಲ ಮೇಲಿದೆ ಎಂದು ಹೇಳಿ, ಚಪ್ಪಾಳೆ ತಟ್ಟಿಸಿಕೊಂಡು, ಕಾಫಿ ಕುಡಿದು ಹೊರಟುಬಿಡಬಹುದು. ಅಂಥ ಭಾಷಣವನ್ನು ನೀವು ಬೇಕಾದಷ್ಟು ಸಲ ಕೇಳಿದ್ದೀರಿ. ಆದ್ದರಿಂದ ನಾವು ಇಂದು ದೇಶದ ಮಾತನ್ನು ಆಮೇಲಕ್ಕೆ ಇಟ್ಟುಕೊಂಡು, ನಿಮ್ಮ ನಿಲಯದ ಅಕ್ಕಿ ಮೂಟೆಯಿಂದಲೂ ಕೋಣೆ ಹಂಚುವ ಪಟ್ಟಿಯಿಂದಲೂ ಪ್ರಾರಂಭಿಸುತ್ತೇವೆ. ನಮ್ಮ ಅನುಭವದಲ್ಲಿ ಮುಂದಾಳುತನದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲೇ.

ವಿದ್ಯಾರ್ಥಿನಿಲಯಗಳು ಬರುವ ಮೊದಲು ಬಡ ಹುಡುಗನಿಗೆ ಪೇಟೆಯಲ್ಲಿ ಓದುವ ದಾರಿ ಯಾವುದಿತ್ತು? ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾವುದಾದರೂ ವಾರ ತಪ್ಪಿದರೆ ಅಂದು ತಣ್ಣೀರೇ ಗತಿ. ಉಣ್ಣಲಿಕ್ಕಿದವರಲ್ಲಿ ಪುಣ್ಯವಂತರಿದ್ದರು, ನಿಜ. ಆದರೆ ಉಂಡ ಹುಡುಗ ಆ ಮನೆಯವರ ಮುಖ ನೋಡಿ ಉಣ್ಣಬೇಕಾಗಿತ್ತು. ಅವರು ಹೇಳಿದ ಕೆಲಸಕ್ಕೆ ಇಲ್ಲವೆನ್ನುವ ಬಾಯಿ ಅವನಿಗಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆ ಬಾಗಿಲುಗಳು ಎಲ್ಲ ಜಾತಿಯ ಹುಡುಗರಿಗೂ ತೆರೆಯುತ್ತಿರಲಿಲ್ಲ. ಬಹುಪಾಲು ಜಾತಿಗಳ ಹುಡುಗ ಪೇಟೆಗೆ ಬಂದರೆ ಅವನಿಗೆ ವಾರವೂ ಇಲ್ಲ, ಅನ್ನವೂ ಇಲ್ಲ.

ಈ ಸ್ಥಿತಿಯನ್ನು ಮುರಿಯಲೆಂದೇ ನಿಲಯಗಳು ಹುಟ್ಟಿದವು. ನಮ್ಮ ಗಡಿಗೆ ಅಂಟಿಕೊಂಡಿರುವ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಒಂದಾದ ಮೇಲೊಂದು ಬೋರ್ಡಿಂಗು ತೆರೆಸಿದರು. ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ತಮ್ಮ ಜಾತಿಯವರ ಬಹಿಷ್ಕಾರವನ್ನು ತಲೆಯ ಮೇಲೆ ಹೊತ್ತುಕೊಂಡೇ ದಲಿತ ಮಕ್ಕಳ ಓದಿಗೆ ದುಡಿದರು. ಮೈಸೂರು ಸೀಮೆಯಲ್ಲಿ ಮಠಗಳೂ ಜಾತಿ ಸಂಘಗಳೂ ನಿಲಯ ಕಟ್ಟಿದವು. ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಗಳಾದ ಮೇಲೆ ಹಿಂದುಳಿದವರ, ದಲಿತರ ನಿಲಯಗಳು ತಾಲ್ಲೂಕು ತಾಲ್ಲೂಕಿಗೂ ಹರಡಿದವು. ಇಂದು ಇಲ್ಲಿ ಕುಳಿತಿರುವ ನಿಮ್ಮಲ್ಲಿ ಎಷ್ಟೋ ಜನ, ಈ ನಿಲಯವಿಲ್ಲದಿದ್ದರೆ ಈ ಹೊತ್ತು ಗದ್ದೆಯಲ್ಲೋ ಗಾರೆ ಕೆಲಸದಲ್ಲೋ ಇರುತ್ತಿದ್ದಿರಿ.

ಇದರಿಂದ ನಾವು ತಿಳಿಯಬೇಕಾದ ಮಾತು ಒಂದೇ. ನಿಲಯದ ಅನ್ನ ಯಾರ ಉಪಕಾರವೂ ಅಲ್ಲ. ಅದು ಹುಡುಗನ ಹಕ್ಕು. ವಾರಾನ್ನಕ್ಕೂ ನಿಲಯದ ಅನ್ನಕ್ಕೂ ಇರುವ ವ್ಯತ್ಯಾಸ ರುಚಿಯದ್ದಲ್ಲ, ಈ ಹಕ್ಕಿನದ್ದು. ನಿಲಯದ ಮುಂದಾಳಿನ ಮೊದಲನೆಯ ಹೊಣೆಯೂ ಕೊನೆಯ ಹೊಣೆಯೂ ಈ ಹಕ್ಕನ್ನು ಹಕ್ಕಾಗಿಯೇ ಉಳಿಸುವುದು. ಅದನ್ನು ಅವನು ತನ್ನ ಉಪಕಾರವನ್ನಾಗಿ ಮಾಡಿಕೊಂಡ ದಿನ, ಮುಂದಾಳು ಹೋಗಿ ಪಾಳೆಯಗಾರ ಬಂದ ಎಂದು ತಿಳಿಯಿರಿ.

ಈ ಮಾತು ಹೇಳುವ ಯೋಗ್ಯತೆ ನಮಗೆ ಹೇಗೆ ಬಂತು ಎಂದರೆ, ಒಂದು ತಪ್ಪು ಮಾಡಿ ಬಂತು. ನಾವು ಓದುತ್ತಿದ್ದ ಕಾಲದಲ್ಲಿ ನಮ್ಮ ನಿಲಯದ ವಾರ್ಡನ್ನರು ಒಂದು ವರ್ಷ ಕೋಣೆ ಹಂಚುವ ಪಟ್ಟಿಯನ್ನು ಮೂವರು ವಿದ್ಯಾರ್ಥಿಗಳ ಸಮಿತಿಯ ಕೈಗೆ ಕೊಟ್ಟರು. ಆ ಮೂವರಲ್ಲಿ ನಾವೂ ಒಬ್ಬರು. ನಮ್ಮನ್ನು ನಂಬಿ ಕೊಟ್ಟರು, ನಾವೂ ಹಿಗ್ಗಿದೆವು. ಕೊನೆಗೆ ಒಂದು ಹಾಸಿಗೆಯ ಜಾಗ ಉಳಿಯಿತು, ಇಬ್ಬರು ಹುಡುಗರು ಉಳಿದರು. ಒಬ್ಬ ನಮ್ಮ ಗುಂಪಿನವನು, ಮೆರವಣಿಗೆಗೆ ಜನ ಕೂಡಿಸುವವನು. ಅವನ ಮನೆ ಪೇಟೆಯಿಂದ ಮೂರು ಮೈಲಿಯಷ್ಟು ದೂರ. ಇನ್ನೊಬ್ಬ ಮಲೆನಾಡಿನ ಒಳಗಿನ ಹಳ್ಳಿಯಿಂದ ತಗಡಿನ ಟ್ರಂಕು ಹೊತ್ತು ಬಂದವನು. ಅವನ ಅರ್ಜಿ ಮೊದಲು ಬಂದಿತ್ತು. ನಾವು ನಮ್ಮವನಿಗೆ ಜಾಗ ಕೊಟ್ಟು, ಮಲೆನಾಡಿನ ಹುಡುಗನಿಗೆ 'ನೋಡೋಣ' ಎಂದೆವು.

ಅವನು ಜಗಲಿಯ ಮೇಲೆ ಮಲಗಿದ. ಜೂನ್ ತಿಂಗಳ ಮಳೆ. ರಾತ್ರಿ ಇರುಚಲು ಬಂದರೆ ಟ್ರಂಕನ್ನು ಗೋಡೆಗೆ ಎಳೆದುಕೊಂಡು ಕೂರುತ್ತಿದ್ದ. ನಮ್ಮ ಮೇಲೆ ಅವನು ಸಿಟ್ಟಾಗಲಿಲ್ಲ. ಅಣ್ಣಾ ಅಣ್ಣಾ ಎಂದು ಹಿಂದೆ ಬಂದ. ಬೆಳಿಗ್ಗೆ ಹಂಡೆಯಿಂದ ನಮಗೆ ಬಿಸಿನೀರು ಹೊತ್ತು ತಂದುಕೊಟ್ಟ. ನಾವು ಬೇಡವೆನ್ನಲಿಲ್ಲ. ಮಿತ್ರರೇ, ಅಂದು ನಮಗೆ ಅದು ಹಿತವಾಗಿಯೇ ಇತ್ತು. ಈ ಮಾತನ್ನು ಮುಚ್ಚಿಡುವುದಿಲ್ಲ. ಎರಡನೆಯ ವಾರ ಒಂದು ದಿನ ನೋಡಿದರೆ ಜಗಲಿ ಖಾಲಿ. ಹುಡುಗ ಊರಿಗೆ ಹೋಗಿದ್ದ. ಮತ್ತೆ ಕಾಲೇಜಿಗೆ ಬರಲಿಲ್ಲ. ವಾರ್ಡನ್ನರು ಕೇಳಲಿಲ್ಲ, ಸರಕಾರ ಕೇಳಲಿಲ್ಲ, ನಾವೂ ವಿಚಾರಿಸಲಿಲ್ಲ. ಆ ವರ್ಷವೇ ನಾವು ಸಮಾನತೆಯ ಮೇಲೆ ಭಾಷಣ ಮಾಡಿ ಬಹುಮಾನ ತೆಗೆದುಕೊಂಡೆವು.

ಅನ್ನ ಹಾಗೂ ಮಲಗುವ ಜಾಗ, ಈ ಎರಡು ಯಾರ ಕೈಯಲ್ಲಿವೆಯೋ ಅವನ ಮುಂದೆ ಬಡವನ ಮಗ ಬೆನ್ನು ಬಗ್ಗಿಸಲೇಬೇಕು. ಒಂದು ಹಾಸಿಗೆಗೆ ನಮ್ಮಲ್ಲಿ ಇಷ್ಟಾದರೆ, ಸಾವಿರಾರು ಹಾಸಿಗೆಗಳು ಒಂದು ಗುಂಪಿನ ಕೈಗೆ ಸಿಕ್ಕರೆ ಏನಾದೀತು? ಇದನ್ನು ತಿಳಿಯಲು ನೆರೆಯ ಢಾಕಾ ನಗರದ ಕಡೆ ನೋಡಬೇಕು.

ಢಾಕಾ ವಿಶ್ವವಿದ್ಯಾಲಯ 1921ರಲ್ಲಿ ಪ್ರಾರಂಭವಾದಾಗಲೇ ಮೂರು ನಿಲಯಗಳೊಡನೆ ಪ್ರಾರಂಭವಾಯಿತು. ನಿಲಯವೇ ಅದರ ಜೀವ. ಪೂರ್ವ ಬಂಗಾಳದ ಜನತೆಯ ಹೋರಾಟಗಳೆಲ್ಲ ಆ ನಿಲಯಗಳ ಅಂಗಳದಲ್ಲಿ ಬೆಳೆದವು. 1952ರ ಫೆಬ್ರವರಿ 21ರಂದು ತಾಯ್ನುಡಿಗಾಗಿ ಹುಡುಗರು ಗುಂಡಿಗೆ ಎದೆಯೊಡ್ಡಿದ್ದು ಅಲ್ಲಿಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಲಯದ ಎದುರಿಗೆ. ಹುತಾತ್ಮರ ಸ್ಮಾರಕ ನಿಂತಿರುವುದೂ ಅಲ್ಲಿಯೇ. 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೈನ್ಯ ಮೊದಲು ನುಗ್ಗಿದ ಕಡೆಗಳಲ್ಲಿ ಜಗನ್ನಾಥ ಹಾಲ್ ಎಂಬ ನಿಲಯವೂ ಒಂದು. ಅಷ್ಟು ರಕ್ತ ಕೊಟ್ಟ ನಿಲಯಗಳು ಅವು.

ಅವೇ ನಿಲಯಗಳು ಮುಂದೆ ಏನಾದವು? 1990ರ ಚುನಾವಣೆಯ ಬಳಿಕ 2019ರವರೆಗೆ ಅಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಯೇ ನಡೆಯಲಿಲ್ಲ. ಚುನಾವಣೆ ನಿಂತಿತು, ಮುಂದಾಳುಗಳು ನಿಲ್ಲಲಿಲ್ಲ. ಯಾವ ಪಕ್ಷ ಸರಕಾರದಲ್ಲಿದೆಯೋ ಆ ಪಕ್ಷದ ವಿದ್ಯಾರ್ಥಿ ದಳ ನಿಲಯಕ್ಕೆ ಒಡೆಯನಾಯಿತು. ಹಳ್ಳಿಯಿಂದ ಬಂದ ಮೊದಲ ವರ್ಷದ ಹುಡುಗನಿಗೆ ಹಾಸಿಗೆ ಕೊಡುವವನು ವಾರ್ಡನ್ ಅಲ್ಲ, ದಳದ ಅಣ್ಣ. ನಾಲ್ಕು ಜನರ ಕೋಣೆಯಲ್ಲಿ ಇಪ್ಪತ್ತು, ಮೂವತ್ತು ಜನರನ್ನು ನೆಲದ ಮೇಲೆ ತುಂಬಿದರು. ಅದಕ್ಕೆ ಅಲ್ಲಿಯವರು ಇಟ್ಟ ಹೆಸರು ಗಣರೂಮು. ಅಲ್ಲಿ ಮಲಗಿದ್ದಕ್ಕೆ ಬಾಡಿಗೆಯೆಂದರೆ ಅಣ್ಣ ಕರೆದಾಗ ಮೆರವಣಿಗೆಗೆ ಹೋಗುವುದು, ಹೇಳಿಕೊಟ್ಟ ಘೋಷಣೆ ಕೂಗುವುದು, ರಾತ್ರಿ ಅತಿಥಿ ಕೋಣೆಯಲ್ಲಿ ಸಾಲಾಗಿ ನಿಂತು ಅವನ ಬೈಗುಳ ಕೇಳುವುದು. ಇಲ್ಲವೆಂದವನಿಗೆ ಬೀದಿ.

ಇದು ಎಲ್ಲಿಗೆ ಮುಟ್ಟಿತು? ಅದೇ ನಗರದ ಎಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲಿ 2019ರ ಅಕ್ಟೋಬರ್ 6ರ ರಾತ್ರಿ ಅಬ್ರಾರ್ ಫಹಾದ್ ಎಂಬ ಎರಡನೆಯ ವರ್ಷದ ವಿದ್ಯಾರ್ಥಿಯನ್ನು ಅವನದೇ ನಿಲಯದ ಇನ್ನೊಂದು ಕೋಣೆಗೆ ಕರೆದೊಯ್ದು ಗಂಟೆಗಟ್ಟಲೆ ಬಡಿದು ಕೊಂದರು. ಸರಕಾರ ಭಾರತದೊಡನೆ ಮಾಡಿಕೊಂಡ ಒಪ್ಪಂದವನ್ನು ಟೀಕಿಸಿ ಫೇಸ್‌ಬುಕ್ಕಿನಲ್ಲಿ ಬರೆದನೆಂಬುದು ಅವನ ಅಪರಾಧ. ಹೊಡೆದವರು ಹೊರಗಿನ ಗೂಂಡಾಗಳಲ್ಲ. ಆಳುವ ಪಕ್ಷದ ವಿದ್ಯಾರ್ಥಿ ದಳದವರು, ಜೊತೆಯಲ್ಲಿ ಓದುವವರು. 2021ರ ಡಿಸೆಂಬರಿನಲ್ಲಿ ನ್ಯಾಯಾಲಯ 20 ಜನರಿಗೆ ಮರಣದಂಡನೆಯನ್ನೂ 5 ಜನರಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ಸತ್ತವನೂ ಬುದ್ಧಿವಂತ ಹುಡುಗ, ಶಿಕ್ಷೆಗೆ ಗುರಿಯಾದವರೂ ಬುದ್ಧಿವಂತ ಹುಡುಗರು. ಎಲ್ಲರ ತಂದೆತಾಯಿಗಳೂ ಓದಲೆಂದೇ ಕಳಿಸಿದ್ದರು.

2024ರ ಜುಲೈಯಲ್ಲಿ ಅದೇ ಢಾಕಾದ ನಿಲಯಗಳ ಹುಡುಗರು, ಅವರಿಗಿಂತ ಮುಂದಾಗಿ ನಿಲಯಗಳ ಹುಡುಗಿಯರು, ರಾತ್ರೋರಾತ್ರಿ ಹೊರಬಂದರು. ಕೆಲವೇ ದಿನಗಳಲ್ಲಿ ದಳದ ಅಣ್ಣಂದಿರನ್ನು ನಿಲಯಗಳಿಂದ ಹೊರಗಟ್ಟಿದರು. ಆಗಸ್ಟ್ 5ರಂದು ಸರಕಾರವೇ ಬಿತ್ತು. ಸೇನೆ, ಪೊಲೀಸು, ಪತ್ರಿಕೆ ಎಲ್ಲವನ್ನೂ ಹಿಡಿದಿಟ್ಟುಕೊಂಡಿದ್ದ ಸರಕಾರಕ್ಕೆ ಹಾಸಿಗೆಯ ಆಸೆ ತೋರಿಸಿ ಹುಡುಗರನ್ನು ಕೊನೆಯವರೆಗೆ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಆದರೆ ಒಬ್ಬ ಅಣ್ಣ ಹೋದ ಜಾಗದಲ್ಲಿ ಇನ್ನೊಬ್ಬ ಅಣ್ಣ ಕೂರದಂತೆ ನೋಡಿಕೊಳ್ಳುವ ಕೆಲಸ ಹೊರಗಟ್ಟುವ ಕೆಲಸಕ್ಕಿಂತ ಕಠಿಣ. ಅದು ಅಲ್ಲಿಯವರಿಗೂ ಉಳಿದಿದೆ, ನಮಗೂ ಉಳಿದಿದೆ.

ನಮಗೇಕೆ ಎನ್ನುತ್ತೀರೋ? ನಮ್ಮ ರಾಜ್ಯದಲ್ಲಿ 1980ರ ದಶಕದ ಕೊನೆಗೆ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ನಿಂತಿತು. ಹೊಡೆದಾಟ ನಡೆಯುತ್ತದೆ, ದುಡ್ಡು ಓಡಾಡುತ್ತದೆ ಎಂಬುದು ಕಾರಣ. ಅದರಲ್ಲಿ ಸತ್ಯವಿಲ್ಲದಿಲ್ಲ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ನೇಮಕವಾದ ಲಿಂಗ್ಡೊ ಸಮಿತಿ 2006ರಲ್ಲಿ ಇದೇ ರೋಗಕ್ಕೆ ಬೇರೆ ಮದ್ದು ಹೇಳಿತು. ಚುನಾವಣೆ ನಡೆಸಿ, ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ ಹಾಕಿ, ಹಾಜರಿ ಶೇಕಡಾ 75 ಇರಲಿ ಎಂದಿತು. ಮತ್ತೆ ಚುನಾವಣೆ ಬೇಕೆಂಬ ಮಾತು ನಮ್ಮಲ್ಲಿ ಆಗಾಗ ಏಳುತ್ತದೆ, ಮಲಗುತ್ತದೆ. ಈ ನಡುವೆ ನಿಮ್ಮ ನಿಲಯಗಳಲ್ಲಿ ಪ್ರತಿನಿಧಿ ಹೇಗೆ ಹುಟ್ಟುತ್ತಾನೆ? ಒಂದು ಕಡೆ ವಾರ್ಡನ್ನರು ತಮಗೆ ಬೇಕಾದವನನ್ನು ಹೆಸರಿಸುತ್ತಾರೆ. ಇನ್ನೊಂದು ಕಡೆ ಶಾಸಕರ ಕಡೆಯವನೆಂದು ಹೇಳಿಕೊಳ್ಳುವವನು ತಾನೇ ನಿಂತುಬಿಡುತ್ತಾನೆ. ಇಬ್ಬರೂ ನಿಮಗೆ ಲೆಕ್ಕ ಕೊಡಬೇಕಾದವರಲ್ಲ. ಮತ ಹಾಕಿ ಆರಿಸಿದವನನ್ನು ಮತ ಹಾಕಿ ಇಳಿಸಬಹುದು. ಆರಿಸದೆ ಬಂದವನನ್ನು ಇಳಿಸುವುದು ಹೇಗೆ?

ಇನ್ನು ಅನ್ನದ ಮಾತು. ಮೆಸ್ಸಿನ ಲೆಕ್ಕ ಸಣ್ಣ ವಿಷಯ, ದೊಡ್ಡ ರಾಜಕೀಯ ಬೇರೆ ಎಂದು ತಿಳಿದವರಿದ್ದಾರೆ. 1973ರ ಡಿಸೆಂಬರ್ 20ರಂದು ಅಹಮದಾಬಾದಿನ ಎಲ್. ಡಿ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಮುಷ್ಕರ ಹೂಡಿದ್ದು ಏತಕ್ಕೆ? ನಿಲಯದ ಊಟದ ದರವನ್ನು ಶೇಕಡಾ 20ರಷ್ಟು ಏರಿಸಿದ್ದಕ್ಕೆ. ದರ ಏಕೆ ಏರಿತು ಎಂದು ಅವರು ಕೇಳುತ್ತ ಹೋದರು. ಎಣ್ಣೆ, ಧಾನ್ಯಗಳ ಬೆಲೆ ಏರಿತ್ತು. ಅದರ ಹಿಂದೆ ಕಳ್ಳದಾಸ್ತಾನು, ಅದರ ಹಿಂದೆ ರಾಜಕೀಯದವರ ಕೈವಾಡ ಎಂಬುದು ಊರೆಲ್ಲ ಆಡುತ್ತಿದ್ದ ಮಾತು. ಜನವರಿಯಲ್ಲಿ ಗುಜರಾತ್ ವಿಶ್ವವಿದ್ಯಾಲಯ ಎದ್ದಿತು. ಮಧ್ಯಮ ವರ್ಗ, ಕಾರ್ಮಿಕರು, ಗೃಹಿಣಿಯರು ಜೊತೆಗೂಡಿದರು. ಪೊಲೀಸರ ಗುಂಡಿಗೆ ಎಷ್ಟೋ ಜನ ಬಲಿಯಾದರು. 1974ರ ಫೆಬ್ರವರಿ 9ರಂದು ಮುಖ್ಯಮಂತ್ರಿ ಚಿಮನಭಾಯಿ ಪಟೇಲರು ರಾಜೀನಾಮೆ ಕೊಟ್ಟರು. ಮಾರ್ಚಿಯಲ್ಲಿ ವಿಧಾನಸಭೆ ವಿಸರ್ಜನೆಯಾಯಿತು. ಅದೇ ಮಾರ್ಚಿಯಲ್ಲಿ ಬಿಹಾರದ ವಿದ್ಯಾರ್ಥಿಗಳು ಎದ್ದರು. ಜಯಪ್ರಕಾಶರು ಅವರ ಮುಂದಾಳುತನ ವಹಿಸಿದರು. ಮುಂದಿನದು ನಿಮಗೆ ಗೊತ್ತಿದೆ.

ಆದರೆ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಾವು ನಿಮಗೆ ಅರ್ಧ ಸತ್ಯ ಹೇಳಿದಂತೆ. ಅದೇ ಚಿಮನಭಾಯಿ ಪಟೇಲರು 1990ರಲ್ಲಿ ಮತ್ತೆ ಗುಜರಾತಿನ ಮುಖ್ಯಮಂತ್ರಿಗಳಾದರು. ಸರಕಾರ ಉರುಳಿಸುವುದು ಹುಡುಗರಿಗೆ ಸಾಧ್ಯವಾಯಿತು. ಪ್ರತಿ ತಿಂಗಳೂ ಲೆಕ್ಕ ಕೇಳುವ ಅಭ್ಯಾಸವನ್ನು ಊರೂರಿನಲ್ಲಿ ನೆಲೆಗೊಳಿಸುವುದು ಸಾಧ್ಯವಾಗಲಿಲ್ಲ. ಮುಷ್ಕರ ಹದಿನೈದು ದಿನದ ಕೆಲಸ, ಲೆಕ್ಕ ವರ್ಷವಿಡೀ ಮಾಡುವ ಕೆಲಸ. ಎರಡನೆಯದು ತಪ್ಪಿದರೆ ಮೊದಲನೆಯದರ ಫಲ ಬೇರೆಯವರ ಪಾಲು.

ಅದೇ 1973ರ ಚಳಿಗಾಲದಲ್ಲಿ ನಮ್ಮ ನಾಡಿನ ನಿಲಯಗಳಲ್ಲಿಯೂ ಬೆಂಕಿಯಿತ್ತು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಮಂತ್ರಿ ಬಿ. ಬಸವಲಿಂಗಪ್ಪನವರು ನವೆಂಬರಿನಲ್ಲಿ ಮೈಸೂರಿನಲ್ಲಿ ಹೇಳಿದ್ದಕ್ಕೆ ವಿದ್ಯಾರ್ಥಿಗಳು ಬೀದಿಗಿಳಿದರು. ಮಾತಿಗೆ ಮಾತಿನಿಂದ ಉತ್ತರ ಕೊಡಬಹುದಾಗಿತ್ತು. ಆದರೆ ಸಿಟ್ಟು ಹರಿದದ್ದು ದಲಿತ ವಿದ್ಯಾರ್ಥಿಗಳ ಮೇಲೆ, ಅವರು ತಂಗಿದ್ದ ನಿಲಯಗಳ ಮೇಲೆ. ಮಂತ್ರಿ ಪದವಿ ಬಿಟ್ಟರು. ಏಟು ತಿಂದ ಹುಡುಗರು ಮಾತ್ರ ಸುಮ್ಮನಾಗಲಿಲ್ಲ. ಮುಂದೆ ದಲಿತ ಸಂಘರ್ಷ ಸಮಿತಿಯಾಗಿ ಬೆಳೆದ ಚಳವಳಿಗೆ ಆ ದಿನಗಳ ನೋವೇ ಬೀಜವಾಯಿತು. ಗುಜರಾತಿನ ಹುಡುಗರು ಮೇಲಿನವರನ್ನು ಲೆಕ್ಕ ಕೇಳಿದ ಕಾಲದಲ್ಲೇ ನಮ್ಮ ಹುಡುಗರು ಕೆಳಗಿನವರ ಬಾಗಿಲು ಬಡಿದರು. ಗುಂಪು ಕೂಡಿಸುವ ಶಕ್ತಿಯೊಂದನ್ನೇ ಮುಂದಾಳುತನವೆಂದು ತಿಳಿಯಬಾರದು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ? ಗುಂಪು ಬಾಗಿಲಿಗೆ ಬಂದಾಗ ಅದಕ್ಕೆ ಎದುರಾಗಿ ನಿಲ್ಲುವವನೇ ನಿಲಯದ ಮುಂದಾಳು.

ಆಡಳಿತ ವರ್ಗದವರಿಗೂ ಒಂದು ಮಾತು ಹೇಳಬೇಕು. ಹಾಸಿಗೆಯನ್ನು ಆಯುಧ ಮಾಡಿಕೊಳ್ಳುವುದರಲ್ಲಿ ಪುಂಡ ಹುಡುಗರೊಬ್ಬರೇ ತಪ್ಪಿತಸ್ಥರಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ 2015ರ ಡಿಸೆಂಬರಿನಲ್ಲಿ ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳನ್ನು ನಿಲಯದಿಂದ ಹೊರಗೆ ಹಾಕಲಾಯಿತು. ಅವರು ಬಯಲಲ್ಲಿ ಡೇರೆ ಕಟ್ಟಿ ಮಲಗಿದರು. ಅವರಲ್ಲಿ ಒಬ್ಬನಾದ ರೋಹಿತ್ ವೇಮುಲ 2016ರ ಜನವರಿ 17ರಂದು ಪ್ರಾಣ ಕಳೆದುಕೊಂಡ. ವಿದ್ಯಾರ್ಥಿ ತಪ್ಪು ಮಾಡಿದ್ದರೆ ವಿಚಾರಣೆಯಾಗಲಿ. ಆದರೆ ದೂರದೂರಿನ ಬಡವನಿಗೆ ನಿಲಯದ ಬಾಗಿಲು ಮುಚ್ಚುವುದೆಂದರೆ ಓದಿನ ಬಾಗಿಲನ್ನೇ ಮುಚ್ಚಿದಂತೆ. ಅದು ದಂಡನೆಯಲ್ಲ, ಗಡೀಪಾರು.

ಹಾಗಾದರೆ ನೀವು ನಾಳೆ ಬೆಳಿಗ್ಗೆ ಏನು ಮಾಡಬೇಕು? ನಮಗೆ ತೋರಿದ್ದನ್ನು ಹೇಳುತ್ತೇವೆ, ಸರಿಯೆನಿಸಿದ್ದನ್ನು ಇಟ್ಟುಕೊಳ್ಳಿ.

ಮೊದಲನೆಯದು, ಕೋಣೆಯ ಪಟ್ಟಿಯಿಂದ ಕೈ ತೆಗೆಯಿರಿ. ವಾರ್ಡನ್ನರು ನಂಬಿ ಕೊಟ್ಟರೂ ಒಲ್ಲೆವೆನ್ನಿ. ಊರಿನ ದೂರ, ಮನೆಯ ವರಮಾನ, ಅರ್ಜಿಯ ತಾರೀಖು, ಈ ಮೂರರ ಮೇಲೆ ನಿಯಮ ಬರೆಯಿಸಿ, ಸಮ ಬಂದಲ್ಲಿ ಚೀಟಿ ಎತ್ತಿಸಿ, ಪಟ್ಟಿಯನ್ನು ಗೋಡೆಗೆ ಅಂಟಿಸಿ. ನಿಯಮ ಪಾಲನೆಯಾಯಿತೇ ಎಂದು ನೋಡುವುದು ನಿಮ್ಮ ಕೆಲಸ. ಹಂಚುವುದು ನಿಮ್ಮ ಕೆಲಸವಲ್ಲ.

ಎರಡನೆಯದು, ಅನ್ನದ ಲೆಕ್ಕದಲ್ಲಿ ಕೈ ಹಾಕಿರಿ. ನೂರು ಜನರ ನಿಲಯದಲ್ಲಿ ತಲೆಗೆ ದಿನಕ್ಕೆ 400 ಗ್ರಾಂ ಅಕ್ಕಿಯೆಂದರೆ 40 ಕಿಲೋ ಇಳಿಯಬೇಕು. 37 ಇಳಿದರೆ ಯಾರಿಗೂ ಕಾಣದು. ಆದರೆ ತಿಂಗಳಿಗೆ 90 ಕಿಲೋ ಅಕ್ಕಿ ಹಿಂದಿನ ಬಾಗಿಲಿನಿಂದ ಹೋಯಿತು. ದಿನವೂ ಇಬ್ಬರು ಹುಡುಗರು ಸರದಿಯಂತೆ ಉಗ್ರಾಣದಲ್ಲಿ ನಿಂತು ತೂಕ ಮಾಡಿಸಲಿ; ಊಟದ ಮನೆಯ ಹಲಗೆಯ ಮೇಲೆ ಅಂದಿನ ಅಕ್ಕಿ, ಬೇಳೆ, ಎಣ್ಣೆ, ತರಕಾರಿಯ ಲೆಕ್ಕ ಬರೆಯಲಿ. ಅಂಗಡಿಯವನು ತರುವ ಮಾಮೂಲು ಚಹಾವನ್ನೂ ಕುಡಿಯಬೇಡಿ. ಮುಂದಾಳು ಎಲ್ಲರ ಜೊತೆ, ಎಲ್ಲರ ತಟ್ಟೆಯಲ್ಲಿ, ಸಾಲಿನ ಕೊನೆಯಲ್ಲಿ ಉಣ್ಣಲಿ. ಊಟದ ಮನೆಯಲ್ಲಿ ಜಾತಿಗೊಂದು ಮೂಲೆ ಹುಟ್ಟಿದ್ದರೆ ಮೊದಲು ಅವನೇ ಹೋಗಿ ಆ ಮೂಲೆಗಳಲ್ಲಿ ಕೂರಲಿ. ನಿಯಮಕ್ಕಿಂತ ಅದು ಬೇಗ ಪಂಕ್ತಿಭೇದವನ್ನು ಮುರಿಯುತ್ತದೆ.

ಮೂರನೆಯದು, ಅಡುಗೆಯವರ ಮಾತು. ಸಾರು ನೀರಾಗಿದೆಯೆಂದು ಕೂಗುತ್ತೀರಿ. ಸಾರು ಮಾಡಿದವಳಿಗೆ ಈ ತಿಂಗಳ ಸಂಬಳ ಬಂದಿದೆಯೇ ಎಂದು ಎಂದಾದರೂ ಕೇಳಿದ್ದೀರಾ? ಹೊರಗುತ್ತಿಗೆಯವರೆಂಬ ಹೆಸರಿನಲ್ಲಿ ಆಕೆಯನ್ನು ತಿಂಗಳುಗಟ್ಟಲೆ ಕಾಯಿಸುವ ಗುತ್ತಿಗೆದಾರನೂ ನಿಮ್ಮ ಅಕ್ಕಿ ಕದಿಯುವವನೂ ಬಹಳ ದೂರದ ನೆಂಟರಲ್ಲ.

ನಾಲ್ಕನೆಯದು, ಸೋದರಿಯರ ನಿಲಯಗಳ ಬೀಗ. ರಕ್ಷಣೆಯೆಂಬ ಹೆಸರಿನಲ್ಲಿ ಸಂಜೆಗೇ ಬಾಗಿಲು ಹಾಕಿ, ಗ್ರಂಥಾಲಯ ಹುಡುಗರಿಗೆ ಮಾತ್ರ ರಾತ್ರಿ ತೆರೆದಿದ್ದರೆ ಅದು ರಕ್ಷಣೆಯಲ್ಲ, ಪಕ್ಷಪಾತ. 2015ರಲ್ಲಿ ದಿಲ್ಲಿಯ ವಿದ್ಯಾರ್ಥಿನಿಯರು ಪಿಂಜ್ರಾ ತೋಡ್ ಎಂದು ಹೆಸರಿಟ್ಟು ಈ ಪ್ರಶ್ನೆಯನ್ನು ಬೀದಿಗೆ ತಂದರು. ಆ ಹೆಸರಿನ ಅರ್ಥ ಪಂಜರ ಮುರಿ ಎಂದು. ನಮ್ಮ ಜಿಲ್ಲೆಯಲ್ಲಿ ಆ ಪ್ರಶ್ನೆ ಎತ್ತಬೇಕಾದವರು ಸೋದರಿಯರೇ. ಜೊತೆಗೆ ನಿಲ್ಲಬೇಕಾದವರು ಉಳಿದವರು.

ಐದನೆಯದು, ಒಂದು ವರ್ಷಕ್ಕಿಂತ ಹೆಚ್ಚು ಆ ಪದವಿಯಲ್ಲಿ ಇರಬೇಡಿ. ಗುಟ್ಟಿನ ಮತದಿಂದ ಬನ್ನಿ, ಲೆಕ್ಕ ಓದಿ ಹೇಳಿ ಇಳಿಯಿರಿ. ಹೊಸಬನಿಗೆ ನೀವು 'ಅಣ್ಣ' ಆಗಬೇಕಾಗಿಲ್ಲ. ಅವನ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. ಹೊಸಬನನ್ನು ಹಿಂಸಿಸಿ ಪಳಗಿಸುವುದನ್ನು ಸಂಪ್ರದಾಯವೆಂದು ಕರೆಯುವವನು ನಾಳೆ ತನ್ನ ಹಳ್ಳಿಯಲ್ಲಿ ಆಳುಗಳಿಗೆ ಹೊಡೆಯುವುದನ್ನೂ ಸಂಪ್ರದಾಯವೆಂದೇ ಕರೆಯುತ್ತಾನೆ.

ಇವೆಲ್ಲ ಸಣ್ಣ ಕೆಲಸಗಳು. ಪತ್ರಿಕೆಯಲ್ಲಿ ಹೆಸರು ಬರುವುದಿಲ್ಲ, ಹಾರ ಬೀಳುವುದಿಲ್ಲ. ಆದರೆ ನೂರು ಜನರ ಅಕ್ಕಿಯನ್ನು ಕದಿಯದೆ, ಕದಿಯಗೊಡದೆ ಒಂದು ವರ್ಷ ಕಾಯ್ದವನಿಗೆ ತಾಲ್ಲೂಕಿನ ಖಜಾನೆ ಒಪ್ಪಿಸಬಹುದು. ಕಾಯದವನಿಗೆ ದೇಶದ ಭಾರ ಹೊರಿಸಿದರೆ ಅವನು ದೇಶದ ಮೂಟೆಗೂ ಹಿಂದಿನ ಬಾಗಿಲು ಹುಡುಕುತ್ತಾನೆ. ದೇಶದ ಮಾತು ಆಮೇಲೆ ಎಂದಿದ್ದೆವಲ್ಲ, ಅದು ಇಷ್ಟೇ.

ಆ ಮಲೆನಾಡಿನ ಹುಡುಗ ಎಲ್ಲಿದ್ದಾನೋ ನಮಗೆ ಗೊತ್ತಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನ ಊರಿನ ಕಡೆ ಹೋದಾಗ ವಿಚಾರಿಸಿದೆವು. ಮನೆಯವರು ಗುಳೆ ಹೋದರೆಂದು ಯಾರೋ ಹೇಳಿದರು. ಕ್ಷಮೆ ಕೇಳಲು ನಮಗೆ ಮನುಷ್ಯನೇ ಸಿಗಲಿಲ್ಲ. ನಿಮಗೆ ಹಾಗಾಗದಿರಲಿ. ಈ ಸಭೆ ಮುಗಿಸಿ ನಿಮ್ಮ ನಿಲಯಗಳಿಗೆ ಹಿಂದಿರುಗಿದಾಗ, ಜಗಲಿಯ ಮೇಲೆ ಯಾರಾದರೂ ಮಲಗಿದ್ದಾರೆಯೇ ಎಂದು ಮೊದಲು ನೋಡಿರಿ. ಇದ್ದರೆ ಇಂದು ರಾತ್ರಿಯೇ ಅವನ ಟ್ರಂಕನ್ನು ಒಳಗೆ ಇಡಿಸಿ, ನಾಳೆ ಬೆಳಿಗ್ಗೆ ಅವನ ಅರ್ಜಿಯ ತಾರೀಖು ನೋಡಿರಿ.